ನನ್ನ ಹೆಸರಿನಲ್ಲಿ ಆಡಿದ ಯೂಸುಫ್

ನಾನು ಓದು ಬಿಟ್ಟದ್ದು 2014ರಲ್ಲಿ, ಸ್ವೀಡನ್ನಿನ ಎಸ್ಕಿಲ್‌ಸ್ಟುನಾದ ಹೈಸ್ಕೂಲಿನಲ್ಲಿ ಇನ್ನೂ ಒಂದು ವರ್ಷ ಬಾಕಿ ಇರುವಾಗ. ಆಗ ನಮಗೆ ಗೊತ್ತಿದ್ದ ಕನ್ನಡದ ಮನೆಗಳು ನಾಲ್ಕೇ ನಾಲ್ಕು. ಉಳಿದ ಮೂರು ಮನೆಯ ಮಕ್ಕಳೂ ಎಂಜಿನಿಯರಾದರು. ನೀನ್ಯಾಕೆ ಬಿಟ್ಟೆ ಎಂದು ಕೇಳಿದವರಿಗೆ ‘ಮಂಡಿ’ ಎನ್ನುತ್ತಿದ್ದೆ. ಅದು ಅರ್ಧ ನಿಜ. ಇನ್ನರ್ಧದ ಹೆಸರು ಯೂಸುಫ್.

ಆ ದಿನಗಳಲ್ಲಿ ನಮ್ಮ ಪ್ರಾಣವೆಲ್ಲ ಹ್ಯಾಂಡ್‌ಬಾಲಿನಲ್ಲಿತ್ತು. ಚೆಂಡು ಜಾರದಿರಲೆಂದು ಬೆರಳಿಗೆ ಪೈನ್ ಮರದ ಅಂಟು ಬಳಿದುಕೊಳ್ಳುತ್ತಿದ್ದೆವು. ಅದರ ವಾಸನೆ, ಒದ್ದೆ ಶೂಗಳ ವಾಸನೆ, ಯಾರದೋ ಅಮ್ಮ ಫೀಕಾಗೆ, ಅಂದರೆ ಕಾಫಿ ಹೊತ್ತಿಗೆ, ತಂದ ದಾಲ್ಚಿನ್ನಿ ಬನ್ನಿನ ವಾಸನೆ, ಎಲ್ಲ ಸೇರಿದರೆ ಅದೇ ನಮ್ಮ ಶಾಲೆಯ ಹಾಲ್. ಗೋಲ್‌ಕೀಪರ್ ಓಸ್ಕರ್ ಇಲ್ಲಿಯವನೇ. ಯೂಸುಫ್ ಸೊಮಾಲಿ ಮನೆಯವನು. ಉಳಿದವರಲ್ಲಿ ಕುರ್ದಿಗಳು, ಬೋಸ್ನಿಯದವರು. ಚೆಂಡು ಕೈಗೆ ಬಂದಾಗ ಯಾರು ಯಾರ ಪೈಕಿ ಎಂದು ನೋಡಲು ಪುರುಸೊತ್ತೆಲ್ಲಿ? ಏಳನೇ ನಂಬರು ನನ್ನದು. ಯೂಸುಫ್ ನನ್ನ ಬದಲಿ; ಬೆಂಚಿನಲ್ಲಿ ಕೂತು ನನ್ನ ನೀರಿನ ಬಾಟಲಿ ಹಿಡಿಯುತ್ತಿದ್ದ.

ನವೆಂಬರಿನಲ್ಲಿ, ಎಗರಿ ಚೆಂಡೆಸೆದು ಕೆಳಗಿಳಿದಾಗ ಎಡಮಂಡಿ ಲಟಕ್ ಎಂದಿತು. ಒಳಗಿನ ಲಿಗಮೆಂಟ್ ಹರಿದಿದೆ, ಆಪರೇಷನ್ ಆಗಬೇಕು, ಒಂದು ವರ್ಷ ಆಟವಿಲ್ಲ ಎಂದರು ಡಾಕ್ಟರು. ಅಮ್ಮ ಡಾಕ್ಟರ ಮಾತನ್ನೂ ಕೇಳಿ ತನ್ನ ಹಟವನ್ನೂ ಬಿಡದೆ ಹರಳೆಣ್ಣೆಗೆ ಅರಿಸಿನ ಕಲಸಿ ಹಚ್ಚಿದಳು. ಬಿಳಿ ಮಂಡಿಪಟ್ಟಿ ಹಳದಿಯಾಯಿತು. ಓಸ್ಕರ್ ಮೂಸಿ ನೋಡಿ, “ಏನೋ, ಮಂಡೀನ ಕರಿ ಮಾಡ್ತಿದಾರಾ ನಿಮ್ಮಮ್ಮ?” ಎಂದ.

ಕೋಚ್ ಲೇನಾ ನನ್ನನ್ನು ಮನೆಗೆ ಕಳಿಸಲಿಲ್ಲ. “ಆಡೋಕಾಗಲ್ಲ ಅಂದ್ರೆ ಟೀಮಲ್ಲಿಲ್ಲ ಅಂತಲ್ಲ” ಎಂದು ಎಲ್ಲರ ಕಾಲಿಗೆ ಟೇಪ್ ಸುತ್ತುವ ಕೆಲಸ ಕೊಟ್ಟರು. ಯೂಸುಫ್ ನನ್ನ ಜರ್ಸಿ ತೊಟ್ಟು ಬಂದು ಕಾಲು ಚಾಚಿದ.

“ನಿನ್ನ ಜಾಗದಲ್ಲಿ ಆಡೋನಿಗೆ ಇದೇ ಅಂತೆ ಕಣೋ.”

ಸುತ್ತಿದೆ. ಬೇಕೆಂದೇ ಸಡಿಲ ಸುತ್ತಿದೆ. ಅವನು ಪಾದ ಆಡಿಸಿ ನೋಡಿದ, ಬಿಚ್ಚಿದ, ಮತ್ತೆ ನನ್ನ ಮುಂದೆಯೇ ಚಾಚಿದ. ಎರಡನೇ ಸಲ ಬಿಗಿಯಾಗಿ ಸುತ್ತಿದೆ.

ಫ್ಲಾಸ್ಕಿನಲ್ಲಿ ಕಾಫಿ ತಂದು ಮ್ಯಾಚ್ ನೋಡುವ ಮುದುಕರಿದ್ದರು. ಯೂಸುಫ್ ನನಗಿಂತ ಒಂದು ಗೇಣು ಎತ್ತರ. ಅವರಿಗೆ ಅದೆಲ್ಲ ಯಾಕೆ? ಕಪ್ಪು ಹುಡುಗ, ಏಳನೇ ನಂಬರು. ಅವನು ಗೋಲು ಹೊಡೆದಾಗಲೆಲ್ಲ “ಭೇಷ್, ರಘು!” ಎಂದು ನನ್ನ ಹೆಸರನ್ನೇ ಕೂಗುತ್ತಿದ್ದರು.

“ಇವತ್ತು ಐದು ಗೋಲ್ ಹೊಡ್ದೆ ಕಣೋ ನೀನು. ನಾಳೆ ನಾನು ಕೆಡಿಸಿದ್ರೆ ಬೈಗುಳಾನೂ ನಿಂಗೇ” ಎಂದ ಯೂಸುಫ್. ಎಲ್ಲರೂ ನಕ್ಕರು. ನಾನು ನಗಲಿಲ್ಲ, ಮುದುಕರನ್ನು ತಿದ್ದಲೂ ಇಲ್ಲ. ಹೆಸರಾದರೂ ಆಟದಲ್ಲಿರಲಿ ಎಂದುಕೊಂಡೆ.

ಅಮ್ಮ ಕೋಡುಬಳೆ ಡಬ್ಬಿ ತಂದರೆ ಮೊದಲ ಹಿಡಿಯೂ ಅವನಿಗೇ. “ಪಾಪ, ಆಡಿ ಸುಸ್ತಾಗಿದಾನೆ.”

“ನಾನು?”

“ನೀನು ಕೂತೇ ಇದೀಯಲ್ಲೋ.”

ಫೆಬ್ರವರಿಯ ಕೊನೇ ಮ್ಯಾಚು. ಆಪರೇಷನ್ ಆಗಿ ನಾನು ಊರುಗೋಲಿನಲ್ಲಿದ್ದೆ. ಕೊನೇ ನಿಮಿಷದಲ್ಲಿ ಯೂಸುಫ್ ಎಸೆದ ಪೆನಾಲ್ಟಿ ಕಂಬಕ್ಕೆ ಬಡಿಯಿತು. ಎದುರು ತಂಡದ ಕಡೆಯಿಂದ ಒಬ್ಬ ನಡುವಯಸ್ಸಿನ ಮನುಷ್ಯ ಎದ್ದು, ಮುದುಕರು ಕೂಗುತ್ತಿದ್ದ ಹೆಸರನ್ನೇ ಹಿಡಿದು, “ಬಂದ ದೇಶಕ್ಕೇ ಹೋಗು, ರಘು!” ಎಂದು ಅರಚಿದ.

ಯೂಸುಫ್ ಗೆರೆಯ ಮೇಲೆ ಒಬ್ಬನೇ ನಿಂತಿದ್ದ. ಅಷ್ಟು ದಿನ ಅವನ ಚಪ್ಪಾಳೆಗಳನ್ನು ನಾನು ಸದ್ದಿಲ್ಲದೆ ತೆಗೆದುಕೊಂಡಿದ್ದೆ. ಈ ಬೈಗುಳವೊಂದನ್ನು ಅವನಿಗೆ ಬಿಡಲು ಮನಸ್ಸು ಬರಲಿಲ್ಲ. ಊರುಗೋಲು ಊರುತ್ತ ಅಂಕಣದೊಳಗೆ ಹೋದೆ.

“ರಘು ನಾನು! ಅವನು ಯೂಸುಫ್!”

ಓಸ್ಕರ್ ಗೋಲು ಬಿಟ್ಟು ಓಡಿಬಂದ. ಎಲ್ಲರೂ ಬಂದರು. ಹೆಗಲಿಗೆ ಹೆಗಲು ಸೇರಿಸಿ ಸುತ್ತ ನಿಂತೆವು. ಆ ಮನುಷ್ಯ ಹೊರಗೆ ಹೋಗುವವರೆಗೆ ಆಟವಿಲ್ಲ ಎಂದರು ಲೇನಾ. ಅವನು ಹೋದ. ಆಗ ಫ್ಲಾಸ್ಕಿನ ಮುದುಕರಲ್ಲೊಬ್ಬರು ಎದ್ದು ನಿಂತು “ಯೂಸುಫ್!” ಎಂದರು. ಹಾಲ್ ಪೂರ್ತಿ ಅದನ್ನೇ ಕೂಗಿತು.

ಯೂಸುಫನ ಕೈ ನನ್ನ ಹೆಗಲ ಮೇಲಿತ್ತು. ಎಲ್ಲರ ಬೆರಳಿಗೂ ಅಂಟು, ಎಲ್ಲರ ಮೈಯೂ ಒದ್ದೆ. ಒಣಗಿದ್ದವನು ನಾನೊಬ್ಬನೇ. ಆ ಗಳಿಗೆಯಲ್ಲೂ ಅವನ ಬೆವರು ಕಂಡು ನನಗೆ ಹೊಟ್ಟೆಕಿಚ್ಚಾಯಿತು. ನನ್ನ ಹೆಸರೂ ಅಂದೇ ಆಟದಿಂದ ಹೊರಗೆ ಬಂತು, ಅದನ್ನು ತಂದವನೂ ನಾನೇ.

ಮರುವಾರ ಅವನು ಜರ್ಸಿ ಒಗೆದು ಮಡಿಸಿ ನಮ್ಮ ಮನೆಗೆ ತಂದ. “ಮುಂದಿನ ವರ್ಷ ನಿಂದೇ.”

“ಇಟ್ಕೋ” ಎಂದೆ. ಆ ಕಾರಿಡಾರಿನಲ್ಲಿ ಅವನನ್ನು ದಿನಾ ನೋಡಲಾರದೆ ಬೇಸಿಗೆಯ ಹೊತ್ತಿಗೆ ಟೈಲ್ಸ್ ಕೆಲಸಕ್ಕೆ ಸೇರಿದೆ.

ಯೂಸುಫ್ ಫ್ಲೆಮಿಂಗ್ಸ್‌ಬರ್ಗ್‌ನ ಮೆಡಿಕಲ್ ಕಾಲೇಜಿನಲ್ಲಿ ಓದಿ ಡಾಕ್ಟರಾದ; ಅಮ್ಮ ಫೋನಿನಲ್ಲಿ ಈಗಲೂ ನೆನಪಿಸುತ್ತಾಳೆ. ನಾನೀಗಿರುವ ಸುಂಡ್‌ಬೀಬರ್ಗ್‌ನ ಎಷ್ಟೋ ಬಚ್ಚಲುಮನೆಗಳ ನೆಲ ನನ್ನ ಕೈಕೆಲಸ. ಒಂದರಲ್ಲೂ ನೀರು ನಿಂತಿಲ್ಲ. ಮಂಡಿಯೂರಿ ಕೆಲಸ ಮಾಡುವಾಗ ಬೆರಳಿಗೆ ಈಗಲೂ ಅಂಟು ಮೆತ್ತುತ್ತದೆ, ಅದಕ್ಕೆ ಪೈನಿನ ವಾಸನೆಯಿಲ್ಲ. ಹೆಗಲ ಮೇಲೆ ಅಷ್ಟೊಂದು ಕೈಗಳು ಮತ್ತೆ ಬೀಳಲಿಲ್ಲ.

ಈಗ ನನ್ನ ಹತ್ತಿರ ಇರುವುದು: ರಘು ಎಂದು ಬರೆದ ವ್ಯಾನ್ ಒಂದು, ಕೆಲಸಕ್ಕೆ ಇಬ್ಬರು, ಹೆಂಡತಿ, ಮಗಳು, ಗಟ್ಟಿ ಮಂಡಿ ಒಂದು, ಹೆಗಲಿನಲ್ಲಿ ಐದು ಬೆರಳಿನ ಅಂಟುಕಲೆಯಿರುವ ಅಂದಿನ ಅಂಗಿ ಒಂದು.