ರಕ್ತನಾಳದ ಒಳಗೋಡೆಗೆ ನಾನು ಋಣಿ

ದೇವರಿಗೆ ಕೈಮುಗಿಯದ ನಾನು ಕೃತಜ್ಞತೆ ಹೇಳಬೇಕಾಗಿ ಬಂದರೆ ಯಾರಿಗೆ ಹೇಳಲಿ? ಕಳೆದ ಮಳೆಗಾಲದಿಂದ ನನ್ನಲ್ಲಿ ಉತ್ತರವಿದೆ: ರಕ್ತನಾಳದ ಒಳಗೋಡೆಯ ಜೀವಕೋಶಗಳಿಗೆ, ಮತ್ತು ನನ್ನ ಜೊತೆ ವಾದಕ್ಕೆ ಕೂತ ಒಬ್ಬ ಡಾಕ್ಟರಿಗೆ.

ಅವ್ವನಿಗೆ ಡೆಂಗ್ಯೂ ಆಗಿತ್ತು. ಕಲ್ಕತ್ತಾದ ಲೇಕ್ ಗಾರ್ಡನ್ಸ್‌ನ ನಮ್ಮ ಮನೆಗೆ ಹತ್ತಿರದ ನರ್ಸಿಂಗ್ ಹೋಮಿನಲ್ಲಿದ್ದಳು. ಒಂದು ಬೆಳಿಗ್ಗೆ ಜ್ವರ ಬಿಟ್ಟಿತು.

"ಇನ್ಯಾಕ ಇಲ್ಲಿ? ಮನಿಗೆ ಹೋಗೂಣು ನಡೀರಿ," ಎಂದು ಎದ್ದು ಕೂತಳು. ಅಪ್ಪ ಅವಳ ಚಪ್ಪಲಿ ಹುಡುಕತೊಡಗಿದ.

"ಅಪಾಯ ಶುರುವಾಗೋದ ಈಗ, ಅವ್ವಾ."

"ಜ್ವರ ಬಂದ್ರೂ ತಕರಾರು, ಹೋದ್ರೂ ತಕರಾರು! ನಿನ್ನ ಬಾಯಿಗೆ ಬರಬೇಕಿತ್ತು ನೋಡ ಈ ಡೆಂಗ್ಯೂ."

ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದ ನನಗೆ ಅವ್ವನೆದುರು ಇವತ್ತಿಗೂ ಠೇವಣಿ ಉಳಿದಿಲ್ಲ. ಆದರೆ ಇದು ನನ್ನ ಪಿಎಚ್‌ಡಿಯ ವಿಷಯ. ರಕ್ತನಾಳದ ಒಳಗೋಡೆಯ ಕೋಶಗಳು ಕ್ಯಾಡ್ಹೆರಿನ್ ಎಂಬ ಪ್ರೋಟೀನಿನಿಂದ ಒಂದನ್ನೊಂದು ಹಿಡಿದಿರುತ್ತವೆ. ಸೋಂಕಿನ ಗದ್ದಲದಲ್ಲಿ ಸಂಕೇತ ಬಂದು ತಟ್ಟಿದರೆ ಆ ಪ್ರೋಟೀನಿನ ಒಳತುದಿಗೆ ಫಾಸ್ಫೇಟ್ ಅಂಟುತ್ತದೆ. ಕೋಶ ಅದನ್ನು ಒಳಗೆಳೆದುಕೊಳ್ಳುತ್ತದೆ. ಸಂದು ಬಿಡುತ್ತದೆ, ರಕ್ತದ ನೀರು ಸೋರಿ ರಕ್ತ ಮಂದವಾಗುತ್ತದೆ. ಡೆಂಗ್ಯೂದಲ್ಲಿ ಸೋರಿಕೆ ಜೋರಾಗುವುದು ಜ್ವರ ಇಳಿಯುವ ಹೊತ್ತಿಗೇ.

ಡಾಕ್ಟರು ನನ್ನ ಪರ ತೀರ್ಪು ಕೊಟ್ಟರು. ಸಂಜೆಯೊಳಗೆ ಸೋರಿದ ನೀರಿಗೆ ಅವ್ವನ ಹೊಟ್ಟೆ ಉಬ್ಬಿತು, ಅಂಗೈ ತಣ್ಣಗಾದವು. ಸಲೈನ್ ಏರಿಸಿದರು. ಅಪ್ಪ ಕಾರಿಡಾರಿನಲ್ಲಿ ಯಾರ ಮುಖವನ್ನೂ ನೋಡದೆ ನಿಂತಿದ್ದ.

ಎರಡು ದಿನದ ಮೇಲೆ ಡಾಕ್ಟರು ಸಲೈನನ್ನು ತೀರಾ ಕಡಿಮೆ ಮಾಡಿಸಿದರು. ನಾನು ಅಡ್ಡ ಬಂದೆ: "ಹೊಟ್ಟೆ ಇನ್ನೂ ಉಬ್ಬಿದೆ. ಸೋರಿದ್ದನ್ನು ತುಂಬಬೇಡವೇ?"

ಬೇರೆಯವರಾದರೆ 'ಡಾಕ್ಟರು ನೀವೋ ನಾನೋ?' ಎನ್ನುತ್ತಿದ್ದರು. ಇವರು ಕುರ್ಚಿ ಎಳೆದುಕೊಂಡು ಇಂಗ್ಲಿಷಿನಲ್ಲಿ ಕೇಳಿದರು:

"ನಾಡಿ ಗಟ್ಟಿಯಾಗಿದೆ, ರಕ್ತ ಮತ್ತೆ ತೆಳುವಾಗಿದೆ. ನಿಮ್ಮ ಲ್ಯಾಬಿನಲ್ಲಿ ಸಂಕೇತದ ರಾಸಾಯನಿಕವನ್ನು ತೊಳೆದುಹಾಕಿದರೆ ಕೋಶಗಳು ಏನು ಮಾಡುತ್ತವೆ?"

"ಕ್ಯಾಡ್ಹೆರಿನನ್ನು ಮತ್ತೆ ಅಂಚಿಗೆ ತರುತ್ತವೆ. ಸಂದು ಮುಚ್ಚುತ್ತದೆ."

"ಸೋರಿದ್ದ ನೀರು?"

"ನಿಧಾನಕ್ಕೆ ರಕ್ತಕ್ಕೆ ವಾಪಸ್ಸು..."

"ಅದರ ಮೇಲೆ ನಾನೂ ಸಲೈನ್ ಸುರಿದರೆ?"

"ಶ್ವಾಸಕೋಶ ತುಂಬುತ್ತದೆ."

ಲ್ಯಾಬಿನ ತಟ್ಟೆಯಲ್ಲಿರುವ ಕೋಶಗಳಿಗೆ ಶ್ವಾಸಕೋಶವಿಲ್ಲ. ಅಷ್ಟು ದೂರ ನಾನು ಯೋಚಿಸಿರಲೇ ಇಲ್ಲ. ಸೋತು ಅಷ್ಟು ಹಗುರಾದದ್ದು ಅದೇ ಮೊದಲು. ಥ್ಯಾಂಕ್ಸ್ ಎಂದೆ. ವಾದದ ಕೊನೆಯಲ್ಲಿ ನಾನು ಸಾಮಾನ್ಯವಾಗಿ ಬಳಸುವ ಪದವಲ್ಲ ಅದು.

ರಕ್ತಕ್ಕೆ ಮರಳಿದ ನೀರು ಹೊರದಾರಿ ಹಿಡಿಯಿತು; ಮಧ್ಯಾಹ್ನದಿಂದ ಅವ್ವ ಮೇಲಿಂದ ಮೇಲೆ ಬಾತ್‌ರೂಮಿಗೆ ಹೋಗತೊಡಗಿದಳು. ಪ್ರತಿ ಸಲವೂ ಬಾಗಿಲಲ್ಲಿ ಕಾದಿದ್ದ ಅಪ್ಪ, "ಭೇಷ್!" ಎನ್ನುತ್ತಿದ್ದ.

"ಉಚ್ಚಿ ಹೊಯ್ದದ್ದಕ್ಕ ಭೇಷ್ ಅನ್ನಿಸಿಕೊಂಡಾಕಿ," ಎಂದಳು ಅವ್ವ, ಅಪ್ಪನ ತೋಳಿಗೆ ಆತುಕೊಂಡು, "ಇಡೀ ಕಲ್ಕತ್ತಾದಾಗ ನಾ ಒಬ್ಬಾಕೀನ ಇರಬೇಕು."