ಇದ್ದಿಲಲ್ಲಿ ಬರೆದ ಬಾಗಿಲು

ಹರವೆ ಕಡೆಯ ಒಂದು ಟೆಂಟ್ ಸಿನಿಮಾದಲ್ಲಿ ನಾನು ಬಹಳ ವರ್ಷ ಆಪರೇಟರ್ ಆಗಿದ್ದೆ. ಟೆಂಟು ಎನ್ನುವುದು ಹೆಸರಿಗೆ ಮಾತ್ರ. ಸುತ್ತ ತಗಡು, ಮೇಲೂ ತಗಡು, ಹಗಲಲ್ಲೂ ಶೋ ನಡೆಸುವಷ್ಟು ಕತ್ತಲೆ. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ನಾನು. ಆದರೆ ನನ್ನ ಮೆಷಿನ್ನಿನ ಬೆಳಕು ಶೋ ನಡುವೆ ಆರಿತು ಎಂದು ಹೇಳುವ ಗಂಡು ಈ ಸುತ್ತಿನಲ್ಲಿ ಹುಟ್ಟಿಲ್ಲ.

ತೊಂಬತ್ತರ ದಶಕದ ಒಂದು ಬೇಸಿಗೆ. ನನ್ನ ಹೆಂಡತಿ ತೀರಿಕೊಂಡು ತಿಂಗಳಾಗಿತ್ತು. ಎರಡನೇ ಹೆರಿಗೆಗೆಂದು ಚಾಮರಾಜನಗರಕ್ಕೆ ಹೋದವಳು ವ್ಯಾನಿನಲ್ಲಿ ಮಲಗಿ ಬಂದಳು. ಮಗುವೂ ಉಳಿಯಲಿಲ್ಲ. ಇಬ್ಬರನ್ನೂ ನಮ್ಮ ಹೊಲದ ಬದುವಿನ ಪಕ್ಕ ಮಣ್ಣು ಮಾಡಿದೆವು. ನಾಯಿ ನರಿ ಕೆದಕದಿರಲಿ ಎಂದು ನಮ್ಮ ಕಡೆ ಹೊಸ ಗುಡ್ಡೆಯ ಮೇಲೆ ಜಾಲಿ ಮುಳ್ಳು ಕಡಿದು ಹೊದಿಸುತ್ತಾರೆ. ನಾನೂ ಹೊದಿಸಿದೆ. ಆರು ವರ್ಷದ ಮಗಳು ನೋಡುತ್ತ ನಿಂತಿದ್ದಳು. ಅಳಲಿಲ್ಲ, ಆಮೇಲೆ ಮಾತೂ ಆಡಲಿಲ್ಲ. ನಾನು ಶೋಗೆ ಹೊರಟರೆ ಅವಳೂ ಬಂದು, ಕ್ಯಾಬಿನ್ನಿನ ಖಾಲಿ ಡ್ರಮ್ಮಿನ ಮೇಲೆ ಹತ್ತಿ ಕಿಂಡಿಯಿಂದ ಪರದೆ ನೋಡುತ್ತಿದ್ದಳು.

ಒಂದು ಭಾನುವಾರ ಚಾಮರಾಜನಗರದ ಕೆಲವು ಮೇಷ್ಟ್ರುಗಳು ಸೇರಿ ನಮ್ಮಲ್ಲಿ ಒಂದು ಸ್ಪ್ಯಾನಿಷ್ ಸಿನಿಮಾ ಹಾಕಿಸಿದರು. ಹಿಂದಿನ ದಿನ ಅದು ಗುಂಡ್ಲುಪೇಟೆಯಲ್ಲಿ ನಡೆದು ಬಂದಿತ್ತು. ಐದು ಡಬ್ಬ, ಐದು ರೀಲು. ಪುಕ್ಕಟೆ ಎಂದು ಊರವರೂ ನುಗ್ಗಿದರು. ಭಾಷೆ ಯಾರಿಗೂ ಬರದು, ಕೆಳಗೆ ಬರುವ ಇಂಗ್ಲಿಷ್ ನನಗೂ ಬರದು. ಆದರೂ ಕಥೆ ತಿಳಿಯಿತು. ಗಾಳಿ ಬೀಸುವ ಬೋಳು ಊರು. ಒಂದು ಹೆಣ್ಣುಮಗು, ಅದರ ತಾತ. ಆ ಮಗು ಸುಣ್ಣದ ಗೋಡೆಯ ಮೇಲೆ ಇದ್ದಿಲಿನಿಂದ ಬಾಗಿಲು ಬರೆದು, ತಟ್ಟಿ, ಗೋಡೆಗೆ ಕಿವಿಯಿಟ್ಟು ನಿಲ್ಲುತ್ತದೆ. ಎಷ್ಟೋ ಹೊತ್ತು ಹಾಗೇ. ಪರದೆಯ ಮೇಲೆ ಏನೂ ಅಲ್ಲಾಡುವುದಿಲ್ಲ.

"ಲೇ, ರೀಲು ನಿಂತೋಯ್ತೇನ್ಲಾ?"

"ನಿಂತಿಲ್ಲ ಕಣ, ಕೂಸು ರೆಪ್ಪೆ ಬಡೀತಾ ಅದ ನೋಡು."

"ಬಾಗ್ಲು ತಗೀರಪ್ಪೋ, ಬೀಗ್ರು ಬಂದವ್ರೆ!"

ಟೆಂಟೆಲ್ಲ ನಕ್ಕಿತು. ಡ್ರಮ್ಮಿನ ಮೇಲಿದ್ದ ಮಗಳು ನಗಲಿಲ್ಲ. ಅವಳೂ ತಗಡಿಗೆ ಕಿವಿಯಿಟ್ಟಿದ್ದಳು.

ಮೂರನೇ ಡಬ್ಬದ ರೀಲಿನಲ್ಲಿ ತಾತ ಸತ್ತ. ಮಣ್ಣು ಮುಚ್ಚಿದರು. ಮಗು ದೊಡ್ಡ ಬಾಗಿಲು ಬರೆದು ತಟ್ಟಿತು. ನಾಲ್ಕನೆಯದರಲ್ಲಿ ನೋಡಿದರೆ ತಾತ ಅಂಗಳದಲ್ಲಿ ಕೂತು ಕಿತ್ತಳೆ ಸುಲಿಯುತ್ತಿದ್ದಾನೆ, ಸಿಪ್ಪೆಯನ್ನು ಮಗುವಿನ ಕಿವಿಗೆ ಓಲೆಯಂತೆ ತೂಗಿಸುತ್ತಿದ್ದಾನೆ. ಐದನೆಯದರಲ್ಲಿ ಮನೆಗೆ ಬೀಗ ಹಾಕಿ, ಗಾಡಿ ಹತ್ತಿ, ಎಲ್ಲರೂ ಊರು ಬಿಟ್ಟರು.

ಶೋ ಮುಗಿದ ಮೇಲೆ ಒಬ್ಬ ಮೇಷ್ಟ್ರು ಕ್ಯಾಬಿನ್ನಿಗೆ ಬಂದರು. "ಏನಪ್ಪ, ಮೂರು ನಾಲ್ಕು ಅದಲುಬದಲು ಹಾಕಿಬಿಟ್ಟೆಯಲ್ಲ! ಸತ್ತವನು ಕಿತ್ತಳೆ ಸುಲಿಯುತ್ತಾನಾ?"

"ಡಬ್ಬದ ನಂಬರು ನೋಡಿ ಸಾರ್, ಆಮೇಲೆ ಮಾತಾಡಿ," ಎಂದೆ.

ನೋಡಿದರು. ನಂಬರು ಸರಿಯಾಗಿತ್ತು, ಒಳಗಿದ್ದ ರೀಲು ಬೇರೆಯದು. ಹಿಂದಿನ ಶೋ ಮುಗಿಸಿದವರು ಸುತ್ತಿ ಒಂದರ ರೀಲನ್ನು ಇನ್ನೊಂದರ ಡಬ್ಬಕ್ಕೆ ತುಂಬಿದ್ದರು, ರೀಲಿನ ಮೊದಲಲ್ಲಿರುವ ನಂಬರಿನ ತುಂಡೂ ಹರಿದುಹೋಗಿತ್ತು. ಮೇಷ್ಟ್ರು ಮೆತ್ತಗಾದರು. ಅಲ್ಲೇ ಎರಡನ್ನೂ ಬದಲಿಸಿ ಇಟ್ಟೆ. ಸಿನಿಮಾ ಕಳಿಸಿದ್ದ ಮೈಸೂರಿನವರು ಮುಂದಿನ ವಾರ ಬಂದು ಒಯ್ಯುತ್ತಾರೆಂದು ಡಬ್ಬಗಳು ನಮ್ಮಲ್ಲೇ ಉಳಿದವು.

ಸೈಕಲ್ ಮೇಲೆ ಮನೆಗೆ ಹೋಗುವಾಗ ಮಗಳು ಹಿಂದಿನಿಂದ ಬಾಯಿಬಿಟ್ಟಳು. ತಿಂಗಳಾದ ಮೇಲೆ ಅದೇ ಮೊದಲು.

"ಅಪ್ಪ, ಆ ಕೂಸು ತಟ್ತಲ್ಲ, ಅದ್ಕೇ ತಾತ ಎದ್ ಬಂದ."

"ಅದು ಸಿನ್ಮಾ ಕಣಮ್ಮಿ. ಡಬ್ಬ ಅದ್ಲುಬದ್ಲು ಆಗಿತ್ತು. ಕೊನೇಲಿ ಗಾಡೀಲಿ ತಾತ ಎಲ್ಲವ್ನೆ, ಯೋಳು?"

"ಮುಂದ್ಗಡೆ ಕೂತವ್ನೆ. ನಮ್ಗೆ ಕಾಣ್ನಿಲ್ಲ ಅಷ್ಟೇಯ."

ಮನೆ ಸೇರುವ ತನಕ ಮಾತಾಡಿದಳು. ಆ ದನಿ ಕೇಳುತ್ತ ನಾನು ಪೆಡಲ್ ತುಳಿದೆ.

ಎರಡು ದಿನ ಬಿಟ್ಟು ನನ್ನ ತಾಯಿ ಹೊಲದಿಂದ ಬಂದು ಗೊಣಗಿತು. "ಯಾವ್ದೋ ನಾಯಿ ಮುಳ್ಳ ಎಳ್ದಾಕ್ಬುಟ್ಟದ ಕಣ್ಲಾ. ತಿರ್ಗ ಒದ್ಸಿ ಬಂದಿವ್ನಿ." ಮಾರನೇ ದಿನವೂ ಮುಳ್ಳು ಎಳೆದಿದೆ ಎಂದು ಬಂದಿತು. ನಾನೇ ಹೋಗಿ ನೋಡಿದೆ. ಮುಳ್ಳಿನ ಕೊಂಬೆಗಳನ್ನು ಬದುವಿನ ಮೇಲೆ ಒಂದರ ಮೇಲೊಂದು ಜೋಡಿಸಿಟ್ಟಿತ್ತು. ನಾಯಿ ಜೋಡಿಸುತ್ತದೆಯೆ?

ಊಟಕ್ಕೆ ಮಗಳ ಕೈ ತೊಳೆಸಲು ಹೋದರೆ ಹಿಂದಕ್ಕೆ ಎಳೆದುಕೊಂಡಳು. ಅಂಗೈ ತುಂಬ ಗೀರು. ಹೆಬ್ಬೆರಳಿನಲ್ಲಿ ಮುಳ್ಳು ಮುರಿದು ಕೀವು ಕಟ್ಟಿತ್ತು.

"ಏನಮ್ಮಿ ಇದು?"

"ಎದ್ ಬರುವಾಗ ಅವ್ವುಂಗೆ ಚುಚ್ತದಲ್ಲ ಅಪ್ಪ."

ನನ್ನ ತಾಯಿ ಸೆರಗು ಬಾಯಿಗಿಟ್ಟುಕೊಂಡಿತು. "ಮಣ್ಗೋದೋರು ಬತ್ತಾರಾ ಕೂಸೇ?"

"ಆ ತಾತ ಬಂದ್ನಲ್ಲಜ್ಜಿ. ಬೇಕಾರೆ ಅಪ್ಪನ್ನೇ ಕೇಳು."

ಸೂಜಿಯಿಂದ ಮುಳ್ಳು ತೆಗೆಯುತ್ತ ನಾನು ಮತ್ತೆ ಹೇಳಿದೆ, ಬರುವುದಿಲ್ಲ ಎಂದು. ಅವಳು ಕಣ್ಣಾರೆ ಕಂಡಿದ್ದಳು. ನನ್ನ ಮಾತು ಯಾವ ಲೆಕ್ಕ? ಮರುದಿನ ಬೆಳಿಗ್ಗೆ ನೋಡಿದರೆ ಮುಳ್ಳು ಮತ್ತೆ ಬದುವಿನ ಮೇಲೆ, ಗುಡ್ಡೆಯ ತಲೆ ಕಡೆ ಮಣ್ಣು ಕೆದರಿತ್ತು. ಈ ಸಲ ನಾಯಿಯ ಉಗುರೇ. ಇನ್ನೆರಡು ದಿನ ಹೀಗೇ ಬಿಟ್ಟರೆ ಏನನ್ನು ನೋಡಬೇಕಾಗುತ್ತದೆ ಎಂದು ನನಗೆ ಗೊತ್ತಿತ್ತು. ಕೈಯಿಂದ ಮಣ್ಣು ಎಳೆದು ಮುಚ್ಚಿ ನೇರ ಟೆಂಟಿಗೆ ಹೋದೆ.

"ಒಬ್ಳಿಗೆ ಶೋನಾ? ತಲೆ ಕೆಟ್ಟದಾ ನಿಂಗೆ?" ಎಂದರು ಮಾಲೀಕರು.

"ಕೆಟ್ಟದೆ. ಇವತ್ತೊಂದಿನ ಬುಡಿ."

ಮಧ್ಯಾಹ್ನ ಮಗಳನ್ನು ಮುಂದಿನ ಬೆಂಚಿನಲ್ಲಿ ಕೂರಿಸಿದೆ. ಅದೇ ಸಿನಿಮಾವನ್ನು ಮೊದಲಿನಿಂದ, ಸರಿಯಾದ ಸಾಲಿನಲ್ಲಿ, ಹಾಕಿದೆ. ತಗಡು ಕಾದು ಟಕಟಕ ಅನ್ನುತ್ತಿತ್ತು. ಕಿತ್ತಳೆ ಸಿಪ್ಪೆ ಬಂದಾಗ ಅವಳು ತಿರುಗಿ ಕ್ಯಾಬಿನ್ ಕಡೆ ನೋಡಿ ನಕ್ಕಳು. ಆಮೇಲೆ ತಾತ ಸತ್ತ. ಮಣ್ಣು ಬಿತ್ತು. ಮಗು ಇದ್ದಿಲು ಹಿಡಿಯಿತು, ಬಾಗಿಲು ಬರೆಯಿತು, ತಟ್ಟಿತು, ಕಿವಿಯಿಟ್ಟಿತು. ರೀಲು ಮುಗಿಯಿತು. ನಾನು ಐದನೆಯದನ್ನು ಏರಿಸಿದೆ. ಬೀಗ ಬಿತ್ತು, ಗಾಡಿ ಹೊರಟಿತು. ನನ್ನ ಮಗಳು ಬೆಂಚಿನಿಂದ ಇಳಿದು ಪರದೆಯ ಹತ್ತಿರಕ್ಕೆ ಹೋಗಿ, ಬಗ್ಗಿ, ಗಾಡಿಯೊಳಗೆ ಹುಡುಕಿದಳು. ಅವಳ ನೆರಳು ಗಾಡಿಯಲ್ಲಿದ್ದವರ ಮೇಲೆಲ್ಲ ಬಿತ್ತು.

ಲೈಟು ಹಾಕಿ ಕೆಳಗೆ ಬಂದೆ. ಪರದೆಗೆ ಬೆನ್ನು ಕೊಟ್ಟು ನಿಂತಿದ್ದಳು.

"ಅಪ್ಪ, ಆವತ್ತು ಆಕ್ದಂಗೆ ಆಕು."

"ಅದು ತಪ್ಪು ಕಣಮ್ಮಿ."

"ತಪ್ಪಾದ್ರೂ ತಾತ ಬಂದಿದ್ನಲ್ಲ."

ಅವಳನ್ನು ಎತ್ತಿಕೊಂಡೆ. ಆಗ ಅತ್ತಳು. ಮಣ್ಣು ಮಾಡಿದ ದಿನ ಅಳಬೇಕಾದದ್ದನ್ನೂ ಸೇರಿಸಿ ಅತ್ತಳು. ಟೆಂಟಿನ ಹೊರಗೆ ಬೀಡಿ ಸೇದುತ್ತಿದ್ದವರು ಎದ್ದು ಆಚೆ ಹೋದರು.

ಸಂಜೆ ನಾನೂ ನನ್ನ ತಾಯಿಯೂ ಮುಳ್ಳು ಹೊದಿಸಲು ಹೊರಟಾಗ ಅವಳೂ ಎದ್ದಳು. ಬಟ್ಟೆ ಸುತ್ತಿದ ಕೈಯಿಂದಲೇ ಬದುವಿನ ಮೇಲಿದ್ದ ಕೊಂಬೆಗಳನ್ನು ಒಂದೊಂದಾಗಿ ಎಳೆದು ತಂದು ಕೊಟ್ಟಳು. ಕೊನೆಯದನ್ನು ಮಾತ್ರ ಬಿಡಲಿಲ್ಲ.

"ತಲೆ ಕಡೆ ಬ್ಯಾಡ ಅಜ್ಜಿ," ಎಂದಳು. "ಮೊಕುಕ್ಕೆ ಚುಚ್ತದೆ."

ನನ್ನ ತಾಯಿ ನನ್ನ ಮುಖ ನೋಡಿತು. ನಾಯಿ ಕೆದರಿದ್ದು ಅಲ್ಲೇ. ಮಗಳ ಕೈಯಿಂದ ಕೊಂಬೆ ಬಿಡಿಸಿಕೊಂಡು ತಲೆ ಕಡೆ ಹಾಕಿ, ಅಲುಗದಂತೆ ಅದರ ಮೇಲೆ ಕಲ್ಲು ಹೇರಿದೆ.