ಹುಟ್ಟು ಎತ್ತುವ ಜಾಗ

ಅಬಿದಾ ಈಗೀಗ ತಾನು ದೋಣಿಗೆ ಹುಟ್ಟು ಹಾಕುವುದು ಕಡಿಮೆ. ಮೂವತ್ತೆರಡಕ್ಕೇ ಮಂಡಿ ಕೈಕೊಟ್ಟಿದೆ. ಬೆಳಿಗ್ಗೆ ಆರಕ್ಕೆ ಹಿನ್ನೀರಿನ ದಂಡೆಗೆ ಬಂದು, ಮಕ್ಕಳ ದೋಣಿಗಳನ್ನು ನೀರಿಗಿಳಿಸಿ, ಮೋಟಾರು ದೋಣಿಯಲ್ಲಿ ಅವರ ಹಿಂದೆ ಹೋಗಿ ಕೂಗುತ್ತಾಳೆ. ಒಂಬತ್ತಕ್ಕೆಲ್ಲ ಗಂಟಲು ಕಟ್ಟಿರುತ್ತದೆ. ಆಮೇಲೆ ದೋಣಿ ತೊಳೆಯಬೇಕು, ಸುತ್ತಿಕೊಂಡ ಪಾಚಿ ಕೀಳಬೇಕು, ಸಡಿಲಾದ ತಿರುಪು ಬಿಗಿ ಮಾಡಬೇಕು. ಕೋಚ್ ಎಂಬ ಹೆಸರಿದೆ, ನೌಕರಿ ಕಾಯಂ ಇಲ್ಲ. ಪ್ರತಿ ಜೂನ್‌ಗೆ ಹೊಸದಾಗಿ ಅರ್ಜಿ ಬರೆಯುತ್ತಾಳೆ. ನಾನು ಗೊಳಸಂಗಿಯಲ್ಲಿ ದೈಹಿಕ ಶಿಕ್ಷಕನಾಗಿದ್ದು ನಿವೃತ್ತನಾದವನು. ಮನೆಯಲ್ಲಿ ಕೂತು ಬೇಜಾರಾಗಿ ಸ್ಟಾಪ್‌ವಾಚ್ ಹಿಡಿದು ಇಲ್ಲಿಗೆ ಬರುತ್ತೇನೆ. ನಮ್ಮಿಬ್ಬರನ್ನು ನೋಡಿದರೆ ಕ್ರೀಡೆಯಿಂದ ಆರೋಗ್ಯ ಸುಧಾರಿಸುತ್ತದೆಂದು ಯಾರೂ ನಂಬಲಿಕ್ಕಿಲ್ಲ.

ಅವಳ ಅಪ್ಪ ಯಾಕೂಬಸಾಬ ನಾವಿಕ. ಅಣೆಕಟ್ಟಿನ ನೀರು ಅವರ ಹಳೇ ಊರನ್ನು ನುಂಗಿದ ಮೇಲೆ ಊರವರಿಗೆ ಗುಡ್ಡದ ಮೇಲೆ ಮನೆ ಕೊಟ್ಟರು. ಹೊಲಗಳು ಆಚೆ ದಂಡೆಯಲ್ಲೇ ಉಳಿದವು. ಹೀಗಾಗಿ ದಿನಾ ಎರಡು ಹೊತ್ತು ಜನರನ್ನು ದಾಟಿಸುವ ಕೆಲಸ ಅವನದು. ಅಬಿದಾ ಹತ್ತು ವರ್ಷದವಳಿದ್ದಾಗಿಂದ ಅಪ್ಪನ ಜೊತೆ ಹುಟ್ಟು ಹಾಕಿದವಳು. ಒಂದು ದಿನ ಶಾಲೆಗೆ ತಡವಾಗಿ ಬಂದಳೆಂದು ಬಿಸಿಲಿಗೆ ನಿಲ್ಲಿಸಿ ಕಾರಣ ಕೇಳಿದೆ. "ಎದುರು ಗಾಳಿ ಇತ್ರಿ ಸರ್. ಒಂಬತ್ತು ಮಂದಿ ಹೆಣ್ಮಕ್ಕಳು, ಒಂದು ಆಡು. ಅಬ್ಬಾಗ ಜ್ವರ. ನಾ ಒಬ್ಬಾಕೀನ ದಾಟಿಸಿ ಬಂದೆ," ಎಂದಳು. ಹದಿನೈದರ ಹುಡುಗಿ. ನಾನು ಅವಳ ಅಂಗೈ ತಿರುಗಿಸಿ ನೋಡಿದೆ. ಮರುವಾರವೇ ಇದೇ ಹಿನ್ನೀರಿನ ರೋಯಿಂಗ್ ಶಿಬಿರಕ್ಕೆ ಹೆಸರು ಕಳಿಸಿದೆ.

ಅಲ್ಲಿ ಮೊದಲ ತಿಂಗಳು ಬರೀ ಬೈಗುಳ ತಿಂದಳು. ಜನರನ್ನು ದಾಟಿಸುವವರು ಹೋಗುವ ದಿಕ್ಕಿಗೆ ಮುಖ ಮಾಡಿ ಹುಟ್ಟು ಹಾಕುತ್ತಾರೆ. ಪಂದ್ಯದ ದೋಣಿಯಲ್ಲಿ ಹೋಗುವ ದಿಕ್ಕಿಗೆ ಬೆನ್ನು. ಇವಳು ಎಳೆತಕ್ಕೊಮ್ಮೆ ಹೊರಳಿ ನೋಡುತ್ತಿದ್ದಳು. ಆ ಚಾಳಿ ಬಿಟ್ಟಿತು. ಇನ್ನೊಂದು ಬಿಡಲಿಲ್ಲ.

ಆ ಇನ್ನೊಂದರ ಬಗ್ಗೆ ಹೇಳಬೇಕು. ಹಳೇ ಊರಿನ ಖಬರಸ್ತಾನವೂ ಅದರ ಮಗ್ಗುಲಿನ ರುದ್ರಭೂಮಿಯೂ ನೀರಿನ ಅಡಿಯಲ್ಲಿವೆ. ಗುಡ್ಡದ ಬೇವಿನ ಮರ, ಪಂಪ್‌ಹೌಸಿನ ಮೂಲೆ ಒಂದೇ ಸಾಲಿಗೆ ಬಂದವೆಂದರೆ ದೋಣಿ ಅದರ ಮೇಲಿದೆ ಎಂದರ್ಥ. ಅಲ್ಲಿ ಯಾವ ಜಾತಿಯವನಿರಲಿ, ಹುಟ್ಟು ಎತ್ತಿ ಹಿಡಿಯುತ್ತಾನೆ. ಹನಿ ತೊಟ್ಟಿಕ್ಕುವುದು ನಿಂತ ಮೇಲೆಯೇ ಮುಂದಿನ ಎಳೆತ. ಅಬಿದಾಳ ತಾಯಿ ಸುಲ್ತಾನಬಿಯೂ ಅಲ್ಲೇ ಇದ್ದಾಳೆ. ನೀರು ಬರುವ ಮುಂಚಿನ ವರ್ಷ ತೀರಿಕೊಂಡವಳು. ಆಗ ಅಬಿದಾಗೆ ಆರು ವರ್ಷ.

ಅಭ್ಯಾಸಕ್ಕೆ ಬೇಕಾದ ಎರಡು ಕಿಲೋಮೀಟರ್ ನೇರ ದಾರಿ ಹಿನ್ನೀರಿನಲ್ಲಿ ಸಿಕ್ಕಿದ್ದೂ ಆ ಜಾಗದ ಮೇಲೆ ಹಾಯುವುದೊಂದೇ. ಉಳಿದ ಕಡೆ ಮುಳುಗಿದ ಜಾಲಿ, ಮುರಿದ ಗೋಡೆ. ಹೀಗಾಗಿ ಅಬಿದಾ ಮೂರು ವರ್ಷ ದಿನಾ ಅಮ್ಮನ ಮೇಲಿಂದಲೇ ಹಾದಳು. ನೂರಾ ನಲವತ್ತು ಎಳೆತ, ಆಮೇಲೆ ಹುಟ್ಟು ಮೇಲೆ. ನಾನು ನೋಡಿ ಸುಮ್ಮನಿದ್ದೆ. ಅದು ನನ್ನ ತಪ್ಪು.

ಹದಿನೆಂಟರಲ್ಲಿ ಬೆಂಗಳೂರಿನಲ್ಲಿ ರಾಜ್ಯ ತಂಡದ ಆಯ್ಕೆ. ಇಬ್ಬರಿಗೆ ಮಾತ್ರ ಜಾಗ. ಅರ್ಧ ದಾರಿ ಕಳೆದರೂ ಅವಳು ಎರಡನೆಯವಳೇ ಇದ್ದಳು. ನಾನು ದಂಡೆಯಲ್ಲಿ ಸೈಕಲ್ ತುಳಿಯುತ್ತಾ ಎಣಿಸುತ್ತಿದ್ದೆ. ನೂರಾ ನಲವತ್ತಕ್ಕೆ ಅವಳ ಹುಟ್ಟುಗಳು ಮೇಲೆದ್ದು ನಿಂತವು. ಪರವೂರಿನ ಕೆರೆ, ಅಡಿಯಲ್ಲಿ ಯಾರ ಗೋರಿಯೂ ಇಲ್ಲ. ಇವಳು ಹನಿ ಆರಲು ಕಾಯುತ್ತಿದ್ದಾಳೆ! ಮಗ್ಗುಲ ದೋಣಿ ಮುಂದೆ ಹೋಯಿತು. ಮೂರನೆಯವಳಾಗಿ ಬಂದು, ದೋಣಿ ಇಳಿಯದೆ ಕೂತೇ ಹೇಳಿದಳು: "ನಾ ನಿಂದ್ರಲಿಲ್ರಿ ಸರ್. ಕೈ ನಿಂತ್ವು."

ಊರಿಗೆ ಬರುವ ಬಸ್ಸಿನಲ್ಲಿ ಒಂದೇ ಮಾತು ಕೇಳಿಕೊಂಡಳು. "ಅಬ್ಬಾಗ ಹೇಳಬ್ಯಾಡ್ರಿ. ಅವ್ವನ ಸಲುವಾಗಿ ಸೋತೆ ಅಂತ ತಿಳಕೋತಾನ." ನಾನು ಹೇಳಲಿಲ್ಲ. ಮರುವರ್ಷ ಮಂಡಿ ಊದಿಕೊಂಡಿತು. ಕೋಚಿಂಗ್ ಸರ್ಟಿಫಿಕೇಟ್ ಮಾಡಿಕೊಂಡು ಇದೇ ದಂಡೆಗೆ ವಾಪಸು ಬಂದಳು.

ಈ ವರ್ಷ ಅವಳ ಆಸೆಯೆಲ್ಲ ಸಾಕ್ಷಿಯ ಮೇಲೆ. ಅದೇ ಊರಿನ ಅಂಬಿಗರ ಮನೆಯ ಹದಿನೇಳರ ಹುಡುಗಿ, ಅಜ್ಜನ ದೋಣಿಯಲ್ಲಿ ಬೆಳೆದವಳು. ಅಬಿದಾಳಿಗಿಂತ ಚುರುಕು. ಆಯ್ಕೆಗೆ ಹನ್ನೆರಡೇ ದಿನ ಉಳಿದಿದ್ದರೂ ಹುಡುಗಿ ಬೇವಿನ ಮರದ ಸಾಲಿಗೆ ಬಂದ ಕೂಡಲೇ ಹುಟ್ಟು ಎತ್ತುತ್ತಿದ್ದಳು. ಅಬಿದಾ ಮೊದಲು ಸಮಾಧಾನದಿಂದ ಹೇಳಿದಳು, ಆಮೇಲೆ ಬೈದಳು. ಸಾಕ್ಷಿ ತಲೆ ತಗ್ಗಿಸಿ, "ನಮ್ಮ ಅಜ್ಜಿ ಅದಾಳ್ರಿ ಮೇಡಂ ಅಲ್ಲಿ. ಹೆಂಗ ಹಾರಿ ಹೋಗ್ಲಿ?" ಎಂದಳು. ಅಬಿದಾ ಮೋಟಾರು ದೋಣಿ ತಿರುಗಿಸಿಕೊಂಡು ದಂಡೆಗೆ ಹೋದಳು. ಮರುದಿನ ಅದೇ ಜಾಗದಲ್ಲಿ ಮೋಟಾರು ದೋಣಿಯಲ್ಲಿ ಎದ್ದು ನಿಂತು, ಕಟ್ಟಿದ ಗಂಟಲಿನಲ್ಲಿ ಕಿರುಚಿದಳು: "ನಿಂದ್ರಬ್ಯಾಡ! ಎಳಿ! ಅಲ್ಲಿ ಯಾರೂ ಇಲ್ಲ, ಎಳಿ!"

ನೀರಿನ ಮೇಲೆ ಮಾತು ದೂರ ಹೋಗುತ್ತದೆ. ದಂಡೆಯಲ್ಲಿ ನನ್ನ ಪಕ್ಕ ಕೂತು ಹಗ್ಗ ಹೆಣೆಯುತ್ತಿದ್ದ ಯಾಕೂಬಸಾಬನ ಕೈ ನಿಂತಿತು. "ಮಾಸ್ತರ, ಏನಂದ್ಲು ಆಕಿ?" ಎಂದು ಕೇಳಿದ. ಚೆನ್ನಾಗಿ ಕೇಳಿಸಿಕೊಂಡಿದ್ದ, ಮುಖ ನೋಡಿದರೇ ಗೊತ್ತಾಗುತ್ತಿತ್ತು. ಹೆಂಡತಿಯ ಮೇಲೆ ನಿಂತು ಮಗಳು ಅಲ್ಲಿ ಯಾರೂ ಇಲ್ಲ ಎಂದಿದ್ದಾಳೆ. ಹದಿನಾಲ್ಕು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದು ನನಗೂ ಸಾಕಾಗಿತ್ತು. ಬೆಂಗಳೂರಿನದನ್ನೆಲ್ಲ ಹೇಳಿಬಿಟ್ಟೆ. ಅವನು ಹಗ್ಗ ಸುತ್ತಿಕೊಂಡು ಮನೆಗೆ ಹೋದ. ನಾನು ಇವರ ಮನೆ ಮುರಿದೆನೇನೋ ಎಂದು ಅಂಜಿದೆ.

ಮಾರನೇ ಬೆಳಿಗ್ಗೆ ನಮಗಿಂತ ಮುಂಚೆ ಬಂದು ನಿಂತಿದ್ದ. ಮಗಳ ಕಡೆ ನೋಡಲಿಲ್ಲ. ಸಾಕ್ಷಿಯನ್ನು ಕರೆದು ಹೇಳಿದ: "ಹೋಗೂಮುಂದ ನಿಂದ್ರಬ್ಯಾಡವಾ. ಬರೂಮುಂದ ನಿಂದ್ರು. ಅವರೇನು ಎದ್ದು ಹೋಗೂದಿಲ್ಲ. ನಿಮ್ಮ ಅಜ್ಜಿ ನನಗ ಗೊತ್ತು. ತಡಾ ಮಾಡಿದ್ರ ಆಕೀನ ಬೈತಿದ್ಲು."

ಅಷ್ಟೇ. ಸಾಕ್ಷಿ ಹೋದಳು, ನೂರಾ ನಲವತ್ತು ದಾಟಿ ನಿಲ್ಲದೆ ಎಳೆದಳು, ವಾಪಸು ಬರುವಾಗ ಹುಟ್ಟು ಎತ್ತಿ ಹನಿ ಆರುವವರೆಗೂ ಕೂತಳು. ಒಂಬತ್ತು ದಿನ ಹಾಗೇ ನಡೆಯಿತು. ಬೆಂಗಳೂರಿನಲ್ಲಿ ಅವಳ ಕೈ ನಿಲ್ಲಲಿಲ್ಲ. ಎರಡನೆಯವಳಾಗಿ ಬಂದಳು, ತಂಡಕ್ಕೆ ಸೇರಿದಳು.

ಅಬಿದಾ ಬಸ್ಸಿಳಿದು ಸೀದಾ ದಂಡೆಗೆ ಬಂದಳು. ಕಣ್ಣು ಕೆಂಪಗಿದ್ದವು, ಕುಂಟುತ್ತಿದ್ದಳು. ಯಾಕೂಬಸಾಬ ತನ್ನ ದೋಣಿಗೆ ಡಾಂಬರು ಬಳಿಯುತ್ತಿದ್ದ. ಅವಳು ಬ್ಯಾಗು ಇಳಿಸದೆಯೇ ಕೇಳಿದಳು.

"ಅಬ್ಬಾ, ಬರೂಮುಂದ ನಿಂದ್ರು ಅನ್ನೂದು, ನಾ ಆಯ್ಕೆಗೆ ಹೋಗೂಮುಂದ ಕೇಳಿದ್ರ ಅವತ್ತ ಹೇಳ್ತಿದ್ದಿ ಏನು?"

"ಹೇಳ್ತಿದ್ದೆ," ಎಂದ ಅವನು, ಬಳಿಯುವ ಕೈ ನಿಲ್ಲಿಸದೆ. "ನೀ ಕೇಳಲಿಲ್ಲ."

ಅವಳು ಬ್ಯಾಗು ನನ್ನ ಕೈಗೆ ಕೊಟ್ಟು, ಮಕ್ಕಳ ದೋಣಿಯೊಂದನ್ನು ಒಬ್ಬಳೇ ನೀರಿಗೆ ನೂಕಿ ಹತ್ತಿದಳು. ಮಂಡಿ ನೋವಿಗೆ ಮುಖ ಕಿವುಚುತ್ತಲೇ ಬೇವಿನ ಮರದ ಸಾಲು ದಾಟಿ ಹೋದಳು, ನಿಲ್ಲಲಿಲ್ಲ. ನಾನು ಅಭ್ಯಾಸಬಲದಿಂದ ಸ್ಟಾಪ್‌ವಾಚ್ ಒತ್ತಿದ್ದೆ. ಬರುವಾಗ ಆ ಜಾಗದಲ್ಲಿ ಹುಟ್ಟು ಎತ್ತಿದವಳು ಹನಿ ಆರಿದ ಮೇಲೂ ಇಳಿಸಲಿಲ್ಲ. ಯಾಕೂಬಸಾಬ ಡಾಂಬರಿನ ಡಬ್ಬಿ ಕೆಳಗಿಟ್ಟು ನೋಡುತ್ತಾ ನಿಂತ. ನಾನು ವಾಚ್ ನಿಲ್ಲಿಸಿ ಕಿಸೆಗೆ ಹಾಕಿಕೊಂಡೆ.